ಹೊಳೆಯ ಬಂಡೆಯಿಂದ ಮೈಕ್ರೋಟೋಮ್‌ವರೆಗೆ

ಮಳೆಗಾಲ ಮುಗಿದು ನೀರು ಇಳಿಯುವ ಹೊತ್ತಿಗೆ ಕೊಡಗಿನ ಹೊಳೆಗಳ ಬಂಡೆಗಳ ಮೇಲೆ ಕಂದು-ಹಸಿರು ಬಣ್ಣದ ತೆಳು ಪದರವೊಂದು ಕಾಣಿಸುತ್ತದೆ. ಎಲ್ಲರೂ ಅದನ್ನು ಪಾಚಿ ಅಂದುಕೊಂಡು, ಜಾರದಂತೆ ಕಾಲಿಟ್ಟು ದಾಟಿ ಹೋಗುತ್ತಾರೆ. ಎಷ್ಟೋ ಕಡೆ ಅದು ಪಾಚಿ ಅಲ್ಲ, ಹೂ ಬಿಡುವ ಗಿಡ. ಮಾವು, ಮಲ್ಲಿಗೆ, ರಾಗಿ ಇವೆಲ್ಲ ಇರುವ ದೊಡ್ಡ ಗುಂಪಿಗೇ ಸೇರಿದ್ದು. ಪೊಡೊಸ್ಟೆಮೇಸಿ ಅಂತ ಅದರ ಕುಟುಂಬದ ಹೆಸರು. ಮೈಸೂರು ವಿಶ್ವವಿದ್ಯಾಲಯದ ಬಾಟನಿ ವಿಭಾಗ ಅಂದರೆ ನನಗೆ ಕಟ್ಟಡಕ್ಕಿಂತ ಮೊದಲು ಈ ಗಿಡವೇ ನೆನಪಾಗುತ್ತದೆ.

ನಾನು ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಓದುತ್ತಿದ್ದ ವರ್ಷ, ಡಿಸೆಂಬರ್‌ನಲ್ಲಿ ನಮ್ಮನ್ನು ಕೊಡಗಿಗೆ ಕರೆದುಕೊಂಡು ಹೋಗಿದ್ದರು. ಬೆಳಗಿನ ಜಾವವೇ ಬಸ್ಸು ಹೊರಟಿತು. ಹುಣಸೂರು ದಾಟುವಾಗ ಇನ್ನೂ ಮಂಜು. ಚೀಲದಲ್ಲಿ ಫೋರ್ಸೆಪ್ಸ್, ಬ್ಲೇಡು, ಸಣ್ಣ ಉಳಿ, ಸುತ್ತಿಗೆ, ಮುಚ್ಚಳ ಬಿಗಿಯಾದ ಗಾಜಿನ ಸೀಸೆಗಳು. ಗಿಡ ಕೀಳೋಕೆ ಉಳಿ-ಸುತ್ತಿಗೆ ಯಾಕೆ ಅಂತ ಬಸ್ಸಿನಲ್ಲಿ ಎಲ್ಲರದೂ ಅದೇ ಪ್ರಶ್ನೆ. ಹೊಳೆಗೆ ಇಳಿದ ಮೇಲೆ ಗೊತ್ತಾಯಿತು. ಈ ಗಿಡ ಮಣ್ಣಿನಲ್ಲಿ ಬೇರು ಬಿಡುವುದೇ ಇಲ್ಲ. ಬೇರೇ ಚಪ್ಪಟೆಯಾಗಿ, ಹಸಿರಾಗಿ, ಬಂಡೆಗೆ ಅಂಟಿಕೊಂಡು ಹರಡುತ್ತದೆ. ಎಲೆಯ ಕೆಲಸವನ್ನು ಬಹುಪಾಲು ಆ ಬೇರೇ ಮಾಡುತ್ತದೆ. ಬ್ಲೇಡಿನಿಂದ ಎಬ್ಬಿಸಿದರೆ ಹರಿದು ಹೋಗುತ್ತದೆ. ಕಲ್ಲಿನ ಚಕ್ಕೆ ಸಮೇತ ತೆಗೆಯಬೇಕು.

ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರು ನಮ್ಮನ್ನು ನೋಡಿ, "ಅದು ಪಾಚಿ ಕಣಮ್ಮಾ, ಜಾರ್ತದೆ, ಹುಷಾರು" ಅಂದರು. ನಮ್ಮ ಸರ್ ಅವರನ್ನೂ ಹತ್ತಿರ ಕರೆದರು. ಕೈಮಸೂರ ಕೊಟ್ಟು, "ನೋಡಿ ಅಮ್ಮಾ, ಹೂವಿದೆ" ಅಂದರು. ಆಕೆ ಬಗ್ಗಿ ನೋಡಿದರು. ಇನ್ನೊಂದು ಸಲ ನೋಡಿದರು. ಆಮೇಲೆ ದಡದಲ್ಲಿ ಆಡುತ್ತಿದ್ದ ಮಗಳನ್ನೂ ಕೂಗಿ ಕರೆದು ತೋರಿಸಿದರು. ಪಾಠ ಹೇಳುವುದು ಅಂದರೆ ನನ್ನ ಮಟ್ಟಿಗೆ ಅವತ್ತಿನಿಂದ ಅದೇ.

ಆ ಬಂಡೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನೀರು ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತಾ ಇರುತ್ತದಲ್ವಾ, ಹಾಗಾಗಿ ಒಂದೇ ಬಂಡೆಯ ಮೇಲೆ ಗಿಡದ ಇಡೀ ಬದುಕು ಮೇಲಿಂದ ಕೆಳಗೆ ಸಾಲಾಗಿ ಕಾಣಿಸುತ್ತದೆ. ನೆತ್ತಿಯಲ್ಲಿ ಗಿಡ ಸತ್ತು ಒಣಗಿದೆ, ಕಾಯಿ ಒಡೆದು ಬೀಜ ಚೆಲ್ಲಿದೆ. ಅದರ ಕೆಳಗೆ ಹಸಿ ಕಾಯಿ. ನೀರಿನ ಅಂಚಿನಲ್ಲಿ ಆಗ ತಾನೇ ಅರಳಿದ ಹೂ. ಇನ್ನೂ ಕೆಳಗೆ, ನೀರೊಳಗೆ, ಪೊರೆ ಹೊದ್ದ ಮೊಗ್ಗು. ಮಳೆಗಾಲವೆಲ್ಲ ರಭಸದ ನೀರಿನ ಅಡಿಯಲ್ಲಿ ಬೆಳೆಯುವ ಗಿಡ ಗಾಳಿಗೆ ಮೈ ಒಡ್ಡಿದ ಕೂಡಲೇ ಆತುರಾತುರವಾಗಿ ಹೂ ಬಿಟ್ಟು, ಕಾಯಿ ಕಟ್ಟಿ ಮುಗಿಸಿಬಿಡುತ್ತದೆ. ಬೀಜ ಧೂಳಿನಷ್ಟು ಸಣ್ಣದು. ಮತ್ತೆ ಮಳೆ ಬಂದಾಗ ಬೀಜದ ಸಿಪ್ಪೆ ಲೋಳೆಯಾಗಿ ಕಲ್ಲಿಗೆ ಅಂಟಿಕೊಳ್ಳುತ್ತದೆ. ಅಂಟಿಕೊಳ್ಳದ ಬೀಜ ಹೊಳೆಯ ಪಾಲು.

ಪ್ರತಿ ಹಂತದ್ದನ್ನೂ ಬೇರೆ ಬೇರೆ ಸೀಸೆಗೆ ಹಾಕಿದೆವು. ಸೀಸೆಯಲ್ಲಿ ಫಾರ್ಮಲಿನ್, ಅಸಿಟಿಕ್ ಆಸಿಡ್, ಆಲ್ಕೋಹಾಲ್ ಬೆರೆಸಿದ ದ್ರಾವಣ. ಬಾಟನಿಯವರು ಅದನ್ನು ಎಫ್‌ಎಎ ಅಂತಾರೆ. ಜೀವಕೋಶ ಆ ಗಳಿಗೆಯಲ್ಲಿ ಹೇಗಿತ್ತೋ ಹಾಗೇ ನಿಲ್ಲುತ್ತದೆ. ಪೆನ್ಸಿಲ್ಲಿನಲ್ಲಿ ಬರೆದ ಚೀಟಿಯೊಂದು ಸೀಸೆಯ ಒಳಗೇ ಹೋಗಬೇಕು. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿ ಹೋಗುತ್ತದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಸರ್ ವಿಭಾಗದ ಕಥೆ ಹೇಳಿದರು. ಮೈಸೂರು ವಿಶ್ವವಿದ್ಯಾಲಯ ಶುರುವಾಗಿದ್ದು 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. ಆಗ ಅದರ ಎರಡು ಕಣ್ಣು ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು. ವಿಜ್ಞಾನ ಬೆಂಗಳೂರಿನ ಪಾಲಿಗಿತ್ತು. ಅಲ್ಲಿ ಎಂ.ಎ. ಸಂಪತ್ಕುಮಾರನ್ ಬಾಟನಿ ಪ್ರೊಫೆಸರ್ ಆಗಿದ್ದರು. ಬಿ.ಜಿ.ಎಲ್. ಸ್ವಾಮಿ ಓದಿದ್ದು ಅಲ್ಲೇ. ಆರ್ಕಿಡ್‌ಗಳ ಭ್ರೂಣ ಹೇಗೆ ಬೆಳೆಯುತ್ತದೆ ಅಂತ ಅವರು 1940ರ ದಶಕದಲ್ಲಿ ಒಂದಾದ ಮೇಲೊಂದು ಪ್ರಬಂಧ ಬರೆದರು. ಅದೇ ದಶಕದಲ್ಲಿ ಅದೇ ಕಾಲೇಜಿನಿಂದ ಎಂ.ಜೆ. ತಿರುಮಲಾಚಾರ್ ಗಿಡಗಳಿಗೆ ತುಕ್ಕು ರೋಗ ತರುವ ಶಿಲೀಂಧ್ರಗಳ ಬಗ್ಗೆ ಬರೆಯುತ್ತಿದ್ದರು. ಆಮೇಲೆ ಅವರು ಪುಣೆ ಹತ್ತಿರದ ಪಿಂಪ್ರಿಗೆ, ಹಿಂದೂಸ್ತಾನ್ ಆಂಟಿಬಯಾಟಿಕ್ಸ್‌ಗೆ ಹೋದರು. ಶಿಲೀಂಧ್ರದಿಂದ ಬರುವ ಕಾಯಿಲೆಗಳಿಗೆ ಹ್ಯಾಮೈಸಿನ್ ಅನ್ನುವ ಔಷಧ ಅಲ್ಲಿ ಹುಟ್ಟಿತು. ಗಿಡದ ಎಲೆಯ ಮೇಲಿನ ತುಕ್ಕು ನೋಡುತ್ತಿದ್ದ ಕಣ್ಣು ಮನುಷ್ಯರ ಔಷಧದವರೆಗೆ ಹೋಗಿದ್ದು ನನಗೆ ಈಗಲೂ ದೊಡ್ಡ ವಿಷಯ.

ಮಾನಸಗಂಗೋತ್ರಿ ಬಂದದ್ದು 1960ರಲ್ಲಿ. ಕುಕ್ಕರಹಳ್ಳಿ ಕೆರೆಯ ಪಕ್ಕದ ಆ ಜಾಗಕ್ಕೆ ಆ ಹೆಸರಿಟ್ಟವರು ಕುವೆಂಪು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಬೇರೆಯಾಯಿತು, ಸೆಂಟ್ರಲ್ ಕಾಲೇಜು ಆ ಕಡೆ ಹೋಯಿತು. ಮೈಸೂರಿನ ಬಾಟನಿ ತನ್ನ ಕಾಲ ಮೇಲೆ ನಿಲ್ಲಬೇಕಾಯಿತು. 1970ರ ದಶಕದಲ್ಲಿ ಇಲ್ಲಿಂದ ಜಿ.ಡಿ. ಅರೇಕಲ್, ಸಿ.ಆರ್. ನಾಗೇಂದ್ರನ್ ಮತ್ತು ಅವರ ಜೊತೆಗಾರರು ಪೊಡೊಸ್ಟೆಮೇಸಿ ಗಿಡಗಳ ಭ್ರೂಣದ ಬಗ್ಗೆ ಬರೆದದ್ದನ್ನು ಆ ವಿಷಯದಲ್ಲಿ ಕೆಲಸ ಮಾಡುವವರು ಇಂದಿಗೂ ಉಲ್ಲೇಖಿಸುತ್ತಾರೆ. "ಇವತ್ತು ನೀವು ಸೀಸೆಗೆ ಹಾಕಿದ್ದು ಅದೇ ಕುಟುಂಬದ ಗಿಡ" ಅಂದರು ಸರ್. ಬಸ್ಸಿನಲ್ಲಿ ನಿದ್ದೆ ಹೋಗಿದ್ದವರೂ ಎದ್ದು ಕೂತರು.

ಆ ಗಿಡದಲ್ಲಿ ಅಂಥದ್ದೇನಿದೆ? ಹೂ ಬಿಡುವ ಗಿಡಗಳಲ್ಲಿ ಎರಡು ಸಲ ಕೂಡುವಿಕೆ ನಡೆಯುತ್ತದೆ. ಪರಾಗದಿಂದ ಬರುವ ಎರಡು ಗಂಡು ಕಣಗಳಲ್ಲಿ ಒಂದು ಅಂಡದ ಜೊತೆ ಸೇರಿ ಭ್ರೂಣವಾಗುತ್ತದೆ. ಇನ್ನೊಂದು ಪಕ್ಕದ ನ್ಯೂಕ್ಲಿಯಸ್‌ಗಳ ಜೊತೆ ಸೇರಿ ಎಂಡೋಸ್ಪರ್ಮ್ ಆಗುತ್ತದೆ. ಎಂಡೋಸ್ಪರ್ಮ್ ಅಂದರೆ ತಾಯಿಗಿಡ ಮರಿಗೆ ಕಟ್ಟಿಕೊಟ್ಟ ಬುತ್ತಿ. ನಾವು ಊಟ ಮಾಡುವ ಅನ್ನ, ರಾಗಿ ಮುದ್ದೆ, ತೆಂಗಿನಕಾಯಿಯ ಬಿಳಿ ತಿರುಳು, ಎಲ್ಲ ಬಹುಪಾಲು ಎಂಡೋಸ್ಪರ್ಮೇ. ಈ ಎರಡು ಸಲದ ಕೂಡುವಿಕೆಯನ್ನು 1898ರಲ್ಲಿ ನವಾಶಿನ್ ಅನ್ನುವ ರಷ್ಯದ ವಿಜ್ಞಾನಿ ತೋರಿಸಿದ. ಹೊಳೆಯ ಬಂಡೆಯ ಈ ಗಿಡಗಳಲ್ಲಿ ಎರಡನೆಯದು ನಡೆಯುವುದಿಲ್ಲ. ಎಂಡೋಸ್ಪರ್ಮ್ ಹುಟ್ಟುವುದೇ ಇಲ್ಲ. ಅದರ ಬದಲಿಗೆ ಅಂಡಕದ, ಅಂದರೆ ಮುಂದೆ ಬೀಜವಾಗುವ ಭಾಗದ, ಒಳಗಿನ ಕೋಶಗಳ ಗೋಡೆ ಕರಗಿ, ಹಲವು ನ್ಯೂಕ್ಲಿಯಸ್ ತೇಲುವ ಒಂದು ಚೀಲ ಆಗುತ್ತದೆ. ಭ್ರೂಣ ಅದರೊಳಗೆ ಇಳಿದು ಬೆಳೆಯುತ್ತದೆ. ಪುಸ್ತಕದಲ್ಲಿ ಇದು ಎರಡು ಸಾಲು. ಕಣ್ಣಾರೆ ನೋಡಬೇಕು ಅಂದರೆ ವಿಭಾಗದ ಅರ್ಧ ಸಲಕರಣೆ ಬೇಕು.

ಸೀಸೆಯ ಹೂವನ್ನು ಮೊದಲು ಆಲ್ಕೋಹಾಲಿನಲ್ಲಿ ಹಂತಹಂತವಾಗಿ ನೀರು ಕಳೆಯಬೇಕು. ಆಮೇಲೆ ಬ್ಯೂಟೈಲ್ ಆಲ್ಕೋಹಾಲ್. ಆಮೇಲೆ ಅರವತ್ತು ಡಿಗ್ರಿ ಹತ್ತಿರದ ಓವನ್‌ನಲ್ಲಿ ಕರಗಿದ ಪ್ಯಾರಾಫಿನ್ ಮೇಣ ಹೂವಿನ ಒಳಗೆಲ್ಲ ಇಳಿಯುವವರೆಗೆ ಕಾಯಬೇಕು. ಇದಕ್ಕೆ ದಿನಗಳೇ ಹಿಡಿಯುತ್ತವೆ. ಅವಸರ ನಡೆಯುವುದಿಲ್ಲ. ಮೇಣ ಗಟ್ಟಿಯಾದ ಮೇಲೆ ಹೂವಿರುವ ಭಾಗವನ್ನು ಚೌಕಾಕಾರ ಕತ್ತರಿಸಿ, ಮರದ ತುಂಡಿಗೆ ಅಂಟಿಸಿ, ಮೈಕ್ರೋಟೋಮ್‌ಗೆ, ಅಂದರೆ ತೀರಾ ತೆಳುವಾಗಿ ಸೀಳುವ ಯಂತ್ರಕ್ಕೆ, ಕೂರಿಸುತ್ತಾರೆ.

ನಮ್ಮ ಲ್ಯಾಬಿನ ಮೈಕ್ರೋಟೋಮ್ ಹಳೆಯದು. ಕಬ್ಬಿಣದ ಭಾರಿ ಮೈ, ಪಕ್ಕದಲ್ಲಿ ತಿರುಗಿಸುವ ಚಕ್ರ. ಅದನ್ನು ನೋಡಿಕೊಳ್ಳುತ್ತಿದ್ದ ಅಟೆಂಡರನ್ನು ನಾವೆಲ್ಲ ಅಣ್ಣ ಅಂತಲೇ ಕರೆಯುತ್ತಿದ್ದೆವು. ಅಣ್ಣ ಎಸ್ಸೆಸ್ಸೆಲ್ಸಿವರೆಗೆ ಓದಿದ್ದವರು. ಆದರೆ ಮೈಕ್ರೋಟೋಮ್ ಚಾಕುವನ್ನು ಚರ್ಮದ ಪಟ್ಟಿಯ ಮೇಲೆ ಮಸೆಯುವುದನ್ನು ಅವರಷ್ಟು ಚೆನ್ನಾಗಿ ಬಲ್ಲವರನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ. ಪೊಡೊಸ್ಟೆಮೇಸಿ ಗಿಡಗಳ ಕೋಶಗಳಲ್ಲಿ ಸಿಲಿಕಾ ಇರುತ್ತದೆ, ಅಂದರೆ ಮರಳಿನ ಅಂಶ. ಚಾಕು ಬೇಗ ಮೊಂಡಾಗುತ್ತದೆ. "ಇದು ಹೂವಲ್ಲಮ್ಮ, ಕಲ್ಲು. ಇನ್ನೊಂದ್ಸಲ ಮಸೀಬೇಕು" ಅಂತ ಅಣ್ಣ ಹೇಳೋರು. ಮಸೆದು, ಬೆಳಕಿಗೆ ಹಿಡಿದು ಅಂಚು ನೋಡಿ, ಮತ್ತೆ ಮಸೆಯೋರು.

ಚಕ್ರ ಒಂದು ಸುತ್ತು ತಿರುಗಿದರೆ ಹತ್ತು ಮೈಕ್ರಾನ್ ದಪ್ಪದ ಒಂದು ಸೀಳು. ಅಂದರೆ ಒಂದು ಮಿಲಿಮೀಟರಿನ ನೂರನೇ ಒಂದು ಪಾಲು. ಸೀಳುಗಳು ಒಂದಕ್ಕೊಂದು ಅಂಟಿ ಉದ್ದನೆಯ ರಿಬ್ಬನ್ ಆಗಿ ಇಳಿದು ಬರುತ್ತವೆ. ಆಗ ಫ್ಯಾನ್ ಹಾಕುವಂತಿಲ್ಲ. ಬಾಗಿಲು ತೆಗೆಯುವಂತಿಲ್ಲ. ಯಾರೂ ಜೋರಾಗಿ ಉಸಿರು ಬಿಡುವಂತಿಲ್ಲ. ರಿಬ್ಬನ್ನನ್ನು ಕುಂಚದ ತುದಿಯಲ್ಲಿ ಎತ್ತಿ ಸ್ಲೈಡಿನ ಮೇಲೆ, ಕ್ರಮ ತಪ್ಪದ ಹಾಗೆ ಜೋಡಿಸಬೇಕು. ಅದನ್ನು ಗಾಜಿಗೆ ಅಂಟಿಸಲು ಮೊಟ್ಟೆಯ ಬಿಳಿಗೆ ಗ್ಲಿಸರಿನ್ ಬೆರೆಸಿದ ಅಂಟು. ಮೊಟ್ಟೆ ಕ್ಯಾಂಟೀನಿನಿಂದ ಬರುತ್ತಿತ್ತು. ಆಮೇಲೆ ಕ್ಸೈಲಾಲ್‌ನಲ್ಲಿ ಮೇಣ ಕರಗಿಸಿ, ಹೆಮಟಾಕ್ಸಿಲಿನ್ ಬಣ್ಣ ಹಾಕಿ, ಮೇಲೆ ಕೆನಡಾ ಬಾಲ್ಸಮ್ ಹಚ್ಚಿ ಮುಚ್ಚುವುದು.

ನಮ್ಮ ಕೆಲಸ ನಡೆಯುತ್ತಿದ್ದ ಹೊತ್ತಿನಲ್ಲೇ ಸಜ್ಜೆ ಬೆಳೆಯ ಮೇಲೆ ಸಂಶೋಧನೆ ಮಾಡುತ್ತಿದ್ದವರು ರಾತ್ರಿ ಪಾಳಿ ಮಾಡುತ್ತಿದ್ದರು. ಅದರ ಹಿಂದೆಯೂ ಒಂದು ಕಥೆ ಇದೆ. ಸಜ್ಜೆಗೆ ಬರುವ ಡೌನಿ ಮಿಲ್ಡ್ಯೂ ರೋಗದಲ್ಲಿ ತೆನೆ ಕಾಳು ಕಟ್ಟುವ ಬದಲು ಹಸಿರು ಎಲೆಗಳ ಗೊಂಚಲಾಗುತ್ತದೆ. 1970ರ ದಶಕದ ಶುರುವಿನಲ್ಲಿ ಎಚ್‌ಬಿ-3ರಂಥ ಹೈಬ್ರಿಡ್ ಸಜ್ಜೆ ಬೆಳೆದ ರೈತರಿಗೆ ಈ ರೋಗ ಭಾರಿ ಹೊಡೆತ ಕೊಟ್ಟಿತು. ಮಾನಸಗಂಗೋತ್ರಿಯಲ್ಲಿ ಕೆ.ಎಂ. ಸಫೀಉಲ್ಲಾ ಅವರ ಮುಂದಾಳತ್ವದ ಡೌನಿ ಮಿಲ್ಡ್ಯೂ ಪ್ರಯೋಗಾಲಯ ಸಜ್ಜೆ, ಜೋಳ, ರಾಗಿಯ ಈ ರೋಗಗಳ ಹಿಂದೆ ಬಿದ್ದಿತು. ಸಜ್ಜೆಯ ರೋಗಾಣು ಎಲೆಯ ಅಡಿಯಲ್ಲಿ ಬೀಜಾಣು ಬಿಡುವುದು ರಾತ್ರಿ, ಗಾಳಿ ತಣ್ಣಗಾಗಿ ತೇವ ತುಂಬಿದಾಗ. ಬಿಸಿಲೇರಿದರೆ ಏನೂ ಸಿಗುವುದಿಲ್ಲ. ಹಾಗಾಗಿ ಅದನ್ನು ಓದುವವರು ಅದರ ಹೊತ್ತಿಗೇ ಎದ್ದಿರಬೇಕು. ಬೆಳಗಿನ ಜಾವ ಎಲೆಯ ಅಡಿಯ ಬಿಳಿ ಹಿಟ್ಟನ್ನು ತೊಳೆದುಕೊಂಡು ಬಂದು ಮೈಕ್ರೋಸ್ಕೋಪಿನ ಮುಂದೆ ಕೂರುವ ಸೀನಿಯರ್‌ಗಳ ಜೊತೆ ನಾವೂ ಹೋಗಿ ನೋಡಿದ್ದುಂಟು.

ನನ್ನ ಸ್ಲೈಡ್ ಒಣಗಿ ಸಿದ್ಧವಾದ ದಿನ ಸರ್ ಪಕ್ಕದಲ್ಲೇ ಸ್ಟೂಲ್ ಎಳೆದುಕೊಂಡು ಕೂತರು. ಸೀಳಿನಿಂದ ಸೀಳಿಗೆ ಸ್ಲೈಡ್ ಸರಿಸುತ್ತಾ ಹೋದೆ. ಅಂಡಾಶಯದ ಗೋಡೆ, ಅಂಡಕಗಳು. ಒಂದು ಅಂಡಕದಲ್ಲಿ ಪುಟ್ಟ ಭ್ರೂಣ, ಅದರ ಕೆಳಗೆ ಗೋಡೆಯಿಲ್ಲದ ಚೀಲ, ಅದರೊಳಗೆ ಕಡುನೀಲಿ ಚುಕ್ಕೆಗಳಾಗಿ ನ್ಯೂಕ್ಲಿಯಸ್‌ಗಳು. ಎಂಡೋಸ್ಪರ್ಮ್ ಇಲ್ಲ. "ಸಾರ್, ನಿಜವಾಗ್ಲೂ ಇಲ್ಲ!" ಅಂದೆ. ಅವರು ಒಂದು ಕಣ್ಣು ಮುಚ್ಚಿ ನೋಡಿ, ಬೀರುವಿನಿಂದ ಹಳೆಯ ಸ್ಲೈಡಿನ ಪೆಟ್ಟಿಗೆ ತಂದರು. ಅದರಲ್ಲಿದ್ದ ಸ್ಲೈಡುಗಳ ಬಾಲ್ಸಮ್ ಜೇನಿನ ಬಣ್ಣಕ್ಕೆ ತಿರುಗಿತ್ತು, ಆದರೆ ಕೋಶಗಳು ಸ್ಪಷ್ಟ. ನನ್ನದನ್ನೂ ಅದನ್ನೂ ಒಂದಾದ ಮೇಲೊಂದು ಇಟ್ಟು ಹೋಲಿಸಿ ನೋಡಲು ಹೇಳಿದರು. ಆಮೇಲೆ ಕ್ಯಾಮೆರಾ ಲೂಸಿಡಾ ಜೋಡಿಸಿ ಚಿತ್ರ ಬಿಡಿಸಲು ಕೂರಿಸಿದರು. ಒಂದು ಕಣ್ಣಿಗೆ ಕೋಶ, ಜೊತೆಗೆ ಕನ್ನಡಿಯಲ್ಲಿ ಕಾಗದ ಮತ್ತು ನಮ್ಮದೇ ಪೆನ್ಸಿಲ್ ಕಾಣುವ ಸಾಧನ ಅದು. ಸಂಜೆ ಲ್ಯಾಬ್ ಮುಚ್ಚುವವರೆಗೆ ಬಿಡಿಸಿದೆ.

ಈಗ ನಾನು ಒಂದು ಪದವಿ ಕಾಲೇಜಿನಲ್ಲಿ ಬಾಟನಿ ಹೇಳಿಕೊಡುತ್ತೇನೆ. ಎಷ್ಟೋ ಕಡೆ ಮೈಕ್ರೋಟೋಮ್‌ಗೆ ಬಟ್ಟೆ ಹೊದಿಸಿ ಮೂಲೆಗೆ ಇಟ್ಟಿರುತ್ತಾರೆ. ಒಣಗಿಸಿದ ಗಿಡಗಳನ್ನು ಜೋಡಿಸಿಟ್ಟ ಹರ್ಬೇರಿಯಂ ಬೀರುವಿನ ಕೀಲಿ ಯಾರ ಹತ್ತಿರ ಇದೆ ಅಂತ ಹುಡುಕಬೇಕಾಗುತ್ತದೆ. ಡಿಎನ್ಎ ಕೆಲಸ ಬಂದಮೇಲೆ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಡಿಎನ್ಎ ಯಾವ ಗಿಡದ್ದು ಅಂತ ಖಾತ್ರಿ ಮಾಡಲು ಒಣಗಿಸಿದ ಮಾದರಿ ಹರ್ಬೇರಿಯಂನಲ್ಲಿ ಇರಲೇಬೇಕು. ಹೊಸ ಯಂತ್ರ ಬರಲಿ, ಬೇಕು. ಹಳೆಯದನ್ನು ಬಳಸಬಲ್ಲ ಕೈಗಳೂ ಇರಬೇಕು. ಅಣ್ಣನಂಥವರು ನಿವೃತ್ತರಾದಾಗ ಆ ಜಾಗಕ್ಕೆ ಇನ್ನೊಬ್ಬರನ್ನು ಕಲಿಸಿ ಕೂರಿಸುವುದು ಕಟ್ಟಡ ಕಟ್ಟಿಸುವುದಕ್ಕಿಂತ ತುರ್ತಿನ ಕೆಲಸ.

ಹೊಳೆಗಳದ್ದು ಇನ್ನೊಂದು ಚಿಂತೆ. ಈ ಗಿಡಗಳಿಗೆ ರಭಸದ, ತಿಳಿಯಾದ ನೀರು ಬೇಕು, ವರ್ಷಕ್ಕೊಮ್ಮೆ ಆ ನೀರು ಇಳಿಯಲೂಬೇಕು. ಅಣೆಕಟ್ಟು ಬಂದು ನೀರು ನಿಂತರೆ ಬಂಡೆ ಮುಳುಗಿ ಅಲ್ಲಿನ ಗಿಡವೂ ಹೋಗುತ್ತದೆ. ಹೂಳು ತುಂಬಿದರೂ ಹೋಗುತ್ತದೆ. ಕುಂಡದಲ್ಲಿಟ್ಟು ಸಾಕುವಂಥ ಗಿಡ ಅಲ್ಲ ಇದು. ಹಾಗಾಗಿ ಡಿಸೆಂಬರ್‌ನಲ್ಲಿ ನನ್ನ ವಿದ್ಯಾರ್ಥಿಗಳನ್ನು ಹೊಳೆಗೆ ಕರೆದುಕೊಂಡು ಹೋದಾಗ ಉಳಿಯನ್ನು ಕಡಿಮೆ ಬಳಸುತ್ತೇವೆ. ಒಂದು ಚಕ್ಕೆ ಸಾಕು. ಉಳಿದದ್ದಕ್ಕೆ ಫೋಟೋ ತೆಗೆದು, ಯಾವ ಬಂಡೆ, ನೀರು ಎಷ್ಟು ಇಳಿದಿತ್ತು, ಯಾವ ಹಂತ ಎಲ್ಲಿತ್ತು ಅಂತ ಪುಸ್ತಕದಲ್ಲಿ ಬರೆಸುತ್ತೇನೆ. ಆ ಪುಸ್ತಕ, ನಾವು ಮಾಡಿದ ಸ್ಲೈಡುಗಳು ಎರಡೂ ನಮ್ಮ ಕಾಲೇಜಿನ ಬೀರುವಿನಲ್ಲಿವೆ. ಕೀಲಿ ಬಾಗಿಲ ಪಕ್ಕದ ಮೊಳೆಗೇ ತೂಗುಹಾಕಿದೆ. ನೋಡಬೇಕು ಅನ್ನುವ ಯಾವ ಹುಡುಗ ಹುಡುಗಿಯೂ ನನ್ನನ್ನು ಕೇಳದೆ ತೆಗೆದು ನೋಡಬಹುದು.