ದಿನಕ್ಕೆ 16 ರೂಪಾಯಿ 75 ಪೈಸೆ: ಮನೆ ಸಾಲದ ಶೀಟ್ ಕಡೆಗೂ ತಾಳೆಯಾಯಿತು

ಕಡೆಗೂ ತಾಳೆಯಾಯಿತು. 2025ರ ನವೆಂಬರ್, ಡಿಸೆಂಬರ್ ಎರಡೂ ತಿಂಗಳ ಮನೆ ಸಾಲದ ಬಡ್ಡಿ ನಾನೇ ಕಂಪ್ಯೂಟರಿನಲ್ಲಿ ಮಾಡಿಕೊಂಡ ಲೆಕ್ಕದ ಶೀಟಿನಲ್ಲೂ ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲೂ ಪೈಸೆ ಸಮೇತ ಒಂದೇ ಬಂತು. ಆದರೆ ಹಾಗೆ ಬಂದದ್ದು ನಾವು ಅಕ್ಟೋಬರ್ ಕೊನೆಗೆ ಹೆಚ್ಚಿಗೆ ಕಟ್ಟಿದ 75,000 ರೂಪಾಯಿಯನ್ನು ಶೀಟಿನಿಂದ ತೆಗೆದು ಹಾಕಿದ ಮೇಲೆ! ಅಂದರೆ ಬ್ಯಾಂಕಿನವರು ಆ ದುಡ್ಡನ್ನು ಅಸಲಿಗೆ ಹಾಕಿಕೊಂಡೇ ಇರಲಿಲ್ಲ.

ಪಿಎಂಟಿ (ಕಂತು ಎಷ್ಟು), ಎನ್‌ಪರ್ (ಎಷ್ಟು ತಿಂಗಳು ಬೇಕು) ಫಾರ್ಮುಲಾ, ಕಂತಿನ ಪಟ್ಟಿ ಎಳೆಯುವುದು, ಇವೆಲ್ಲ ಶೀಟ್ ಕಟ್ಟುವವರಿಗೆ ಗೊತ್ತಿರುವುದೇ. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ. ಹೊಸದಾಗಿ ಓದುವವರಿಗೆ ಹಿನ್ನೆಲೆ ಇಷ್ಟು ಸಾಕು. 2021ರಲ್ಲಿ ಬಾಗಲಕೋಟೆ ನವನಗರದ ಮನೆಗೆ 25 ಲಕ್ಷ ಸಾಲ ಮಾಡಿದೆವು. 20 ವರ್ಷದ ಅವಧಿ, ರೆಪೋ ದರದ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಮೇಲೆ ಶೇ 2.65. ಆಗ ರೆಪೋ ಶೇ 4 ಇತ್ತು. ಹಾಗಾಗಿ ಬಡ್ಡಿ 6.65, ಕಂತು 18,861. ನಾನು ರಾಜ್ಯ ಸರ್ಕಾರದ ಕಚೇರಿಯಲ್ಲಿ ಎಫ್‌ಡಿಎ, 2041ಕ್ಕೆ ನನಗೆ 60 ತುಂಬುತ್ತದೆ. ಸಾಲ ಮುಗಿಯುವುದೂ ಅದೇ ವರ್ಷ. 2006ರ ಏಪ್ರಿಲ್ ನಂತರ ಸೇರಿದವಳಾದ್ದರಿಂದ ನನ್ನದು ಎನ್‌ಪಿಎಸ್, ಅಂದರೆ ಪ್ರತಿ ತಿಂಗಳೂ ಹಣ ಕಟ್ಟಿ ಕೂಡಿಸುವ ಪಿಂಚಣಿ. ನಮ್ಮವರದು ಹಾರ್ಡ್‌ವೇರ್ ಅಂಗಡಿ. ಅವರಿಗೆ ಯಾವ ಪಿಂಚಣಿಯೂ ಇಲ್ಲ. ಈ ಕೊನೆಯ ಮಾತು ನೆನಪಿರಲಿ, ಮುಂದಿನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೋ 4ರಿಂದ 6.5ಕ್ಕೆ ಹೋಯಿತು. ನಮ್ಮ ಬಡ್ಡಿ 9.15. ಹಳೇ ಕಂತನ್ನೇ ಇಟ್ಟು ಎನ್‌ಪರ್ ಹಾಕಿದರೆ ಇನ್ನೂ 47 ವರ್ಷ ಅಂತ ಬಂತು. 18,861ರಲ್ಲಿ ಹೆಚ್ಚುಕಮ್ಮಿ 18,600 ಬಡ್ಡಿಗೇ ಹೋಗುತ್ತಿತ್ತು. "ಹಂಗಾರ ನಮ್ಮ ಮಗಳು ರಿಟೈರ್ ಆಗೂ ಹೊತ್ತಿಗೆ ಮುಗೀತೈತಿ ಬಿಡು" ಎಂದು ನಮ್ಮವರು ನಕ್ಕರು. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ದರ ಬದಲಾದಾಗ ಕಂತು ಏರಿಸಬೇಕೋ, ಅವಧಿ ಚಾಚಬೇಕೋ ಎಂದು ಸಾಲಗಾರರನ್ನೇ ಕೇಳಬೇಕು ಅಂತ. ನಾವು ಅದಕ್ಕೂ ಮೊದಲೇ ಕಂತನ್ನು 22,850ಕ್ಕೆ ಏರಿಸಿಕೊಂಡಿದ್ದೆವು. ಆ ಕಥೆ ಅಲ್ಲಿಗೆ ಮುಗಿಯಿತು. ಆಮೇಲೆ ರೆಪೋ ಇಳಿದು ನಮ್ಮ ಬಡ್ಡಿ 8.15ಕ್ಕೆ, 2026ರ ಜನವರಿಯಿಂದ 7.90ಕ್ಕೆ ಬಂತು.

ಈಗ ತಲೆ ತಿಂದ ವಿಷಯಕ್ಕೆ ಬರುತ್ತೇನೆ.

ಶೀಟಿನ ಬಡ್ಡಿ ಕಾಲಂ ಬ್ಯಾಂಕಿನ ಬಡ್ಡಿಗೆ ಯಾವ ತಿಂಗಳೂ ಸರಿಯಾಗಿ ಕೂಡುತ್ತಿರಲಿಲ್ಲ. ಒಂದು ತಿಂಗಳು ಇನ್ನೂರು ಹೆಚ್ಚು, ಮತ್ತೊಂದು ತಿಂಗಳು ಇನ್ನೂರು ಕಡಿಮೆ, ಫೆಬ್ರವರಿಯಲ್ಲಂತೂ ಸಾವಿರದ ಮೇಲೆ. ಇಷ್ಟು ಚಿಲ್ಲರೆಗೆ ಯಾಕೆ ತಲೆಕೆಡಿಸಿಕೊಳ್ಳಬೇಕು ಎಂದು ಕಚೇರಿಯಲ್ಲಿ ಕೇಳಿದರು. ಸಾಲ ತೀರಿಸುವುದಾ, ಪಿಪಿಎಫ್‌ಗೆ (ಸರ್ಕಾರದ 15 ವರ್ಷದ ಉಳಿತಾಯ ಖಾತೆ) ಹಾಕುವುದಾ ಎಂದು ಶೀಟನ್ನು ಕೇಳಬೇಕಾದರೆ ಅದರ ಮೊದಲ ಸಾಲು ಸರಿ ಇರಬೇಕು, ಅಲ್ವಾ? 15 ವರ್ಷದ ಮುಂದಿನ ಮೊತ್ತ ಹೇಳುವ ಶೀಟು ಕಳೆದ ತಿಂಗಳ ಬಡ್ಡಿಯನ್ನೇ ಸರಿಯಾಗಿ ಹೇಳದಿದ್ದರೆ ನಾನು ಅದನ್ನು ನಂಬಲಾರೆ.

ಹೆಚ್ಚಿನ ರೆಡಿಮೇಡ್ ಕ್ಯಾಲ್ಕುಲೇಟರ್‌ಗಳು ವರ್ಷದ ದರವನ್ನು 12ರಿಂದ ಭಾಗಿಸುತ್ತವೆ. ನಮ್ಮ ಬ್ಯಾಂಕು ಹಾಗೆ ಮಾಡುವುದಿಲ್ಲ. ದಿನದಿನದ ಬಾಕಿಯ ಮೇಲೆ ಬಡ್ಡಿ ಕಟ್ಟಿ, 365ರಿಂದ ಭಾಗಿಸಿ, ತಿಂಗಳ ಕೊನೆಗೆ ಸಾಲದ ಖಾತೆಗೆ ಸೇರಿಸುತ್ತದೆ. ಬಾಕಿ 22 ಲಕ್ಷ, ದರ 7.90 ಎಂದು ದುಂಡಗೆ ಹಿಡಿಯಿರಿ. ದಿನಕ್ಕೆ 476 ರೂಪಾಯಿ ಬಡ್ಡಿ. 31 ದಿನದ ತಿಂಗಳಿಗೆ 14,761. ಫೆಬ್ರವರಿಗೆ 13,333. ಹನ್ನೆರಡರಿಂದ ಭಾಗಿಸಿದರೆ ಎಲ್ಲ ತಿಂಗಳೂ 14,483. ವರ್ಷದ ಮೊತ್ತ ಸುಮಾರಾಗಿ ಒಂದೇ, ತಿಂಗಳಿಗೆ ಮಾತ್ರ ಬೇರೆ. ನಾನು ತಿಂಗಳ ಸಾಲುಗಳನ್ನು ತೆಗೆದು ದಿನದ ಸಾಲುಗಳನ್ನು ಹಾಕಿದೆ. 5ನೇ ತಾರೀಖು ಕಂತು ಜಮಾ ಆಗುವ ಮೊದಲಿನ ಬಾಕಿ ಬೇರೆ, ಆಮೇಲಿನದು ಬೇರೆ. ದರ ಬದಲಾದ ದಿನಕ್ಕೆ ಇನ್ನೊಂದು ಕಾಲಂ. ಶೀಟು ಉದ್ದವಾಯಿತು, ಹಳೇ ಲ್ಯಾಪ್‌ಟಾಪು ತೆರೆಯಲು ಏದುಸಿರು ಬಿಡುತ್ತದೆ. ಆದರೆ ಅಕ್ಟೋಬರ್‌ವರೆಗಿನ ಎಲ್ಲ ತಿಂಗಳೂ ಪಟಪಟ ಕೂಡಿಕೊಂಡವು. ಆ ಖುಷಿ ಶೀಟ್ ಮಾಡುವವರಿಗೇ ಗೊತ್ತು.

ನವೆಂಬರ್ ಮಾತ್ರ ಕೂಡಲಿಲ್ಲ. ಬ್ಯಾಂಕು 502 ರೂಪಾಯಿ 40 ಪೈಸೆ ಜಾಸ್ತಿ ಬಡ್ಡಿ ಹಾಕಿತ್ತು. ಡಿಸೆಂಬರ್‌ನಲ್ಲಿ 523ರ ಹತ್ತಿರ.

ಮೊದಲು ಅನುಮಾನ ಬಂದದ್ದು ದರದ ಮೇಲೆ. ಡಿಸೆಂಬರ್ 5ಕ್ಕೆ ರೆಪೋ 5.25ಕ್ಕೆ ಇಳಿದಿತ್ತು. ಆದರೆ ನಮ್ಮ ಸಾಲದ ದರ ಪರಿಷ್ಕರಣೆ ಜನವರಿ 1ಕ್ಕೆ, ಹಾಗಾಗಿ ಡಿಸೆಂಬರ್ ಪೂರ್ತಿ ಹಳೇ 8.15 ಇರಬೇಕಾದದ್ದೇ. ಅಲ್ಲಿ ತಪ್ಪಿಲ್ಲ. ಆಮೇಲೆ 502.40ನ್ನು 30ರಿಂದ ಭಾಗಿಸಿದೆ. ದಿನಕ್ಕೆ 16 ರೂಪಾಯಿ 75 ಪೈಸೆ. ಎಷ್ಟು ಅಸಲಿಗೆ ಶೇ 8.15ರಲ್ಲಿ ದಿನಕ್ಕೆ ಇಷ್ಟು ಬಡ್ಡಿ ಬರುತ್ತದೆ? 365ರಿಂದ ಗುಣಿಸಿ 0.0815ರಿಂದ ಭಾಗಿಸಿದರೆ ಸೆಲ್‌ನಲ್ಲಿ ಬಂದ ಉತ್ತರ 75,000. ನನ್ನ ಗಳಿಕೆ ರಜೆ ನಗದೀಕರಣ ಮತ್ತು ಮೈದುನ ಕೊಟ್ಟ ಕಬ್ಬಿನ ಬಿಲ್ಲಿನ ಪಾಲು ಸೇರಿಸಿ ಕಟ್ಟಿದ ಮೊತ್ತ ಅದೇ. ಡಿಸೆಂಬರ್‌ನ 523ರಲ್ಲಿ ಹಿಂದಿನ 502ರ ಮೇಲಿನ ಬಡ್ಡಿಯೂ ಸೇರಿತ್ತು, ಅದೂ ಸರಿಯಾಗಿ ಕೂಡಿತು.

ಸ್ಟೇಟ್‌ಮೆಂಟಿನ ಬಾಕಿ ಕಾಲಂನಲ್ಲಿ 75,000 ಕಳೆದೇ ತೋರಿಸುತ್ತಿದ್ದರು. ಬಡ್ಡಿಯನ್ನು ಮಾತ್ರ ಕಳೆಯದ ಮೊತ್ತದ ಮೇಲೆ ಕಟ್ಟುತ್ತಿದ್ದರು. ಶಾಖೆಗೆ ಹೋಗಿ ಪ್ರಿಂಟ್ ಮುಂದಿಟ್ಟೆ. "ಮೇಡಂ, ನೀವು ಕಟ್ಟಿದ್ದು ಮುಂಗಡ ಕಂತು ಅಂತ ಕುಂತೈತಿ. ಅಸಲಿಗೆ ಹಾಕ್ರಿ ಅಂತ ಅರ್ಜಿ ಕೊಡಬೇಕಿತ್ತು" ಎಂದರು. ಅರ್ಜಿಯ ಮಾತನ್ನು ಹಣ ಕಟ್ಟಿಸಿಕೊಂಡ ದಿನ ಯಾರೂ ಎತ್ತಿರಲಿಲ್ಲ. ಸರಿಪಡಿಸಿ ಎಂದರೆ, ಅದು ಹುಬ್ಬಳ್ಳಿ ಕಚೇರಿಯಿಂದ ಆಗಬೇಕಂತೆ. ಅಂದ ಹಾಗೆ ನೆಟ್‌ಬ್ಯಾಂಕಿಂಗ್‌ನಿಂದ ಇಳಿಸಿಕೊಂಡ ಪಿಡಿಎಫ್ ಬಗ್ಗೆಯೂ ಹೇಳಲೇಬೇಕು. ಕಾಪಿ ಮಾಡಿದರೆ ತಾರೀಖು ಒಂದು ಕಡೆ, ಮೊತ್ತ ಇನ್ನೊಂದು ಕಡೆ ಹೋಗಿ ಕೂರುತ್ತದೆ. ಕಾಸು ಕಾಸಿಗೂ ಬಡ್ಡಿ ಲೆಕ್ಕ ಹಾಕುವವರು ಒಂದು ಸರಿಯಾದ ಎಕ್ಸೆಲ್ ಫೈಲು ಕೊಡಬಾರದಾ?

ಹೆಚ್ಚಿಗೆ ಕಟ್ಟುವವರು ಅರ್ಜಿಯಲ್ಲಿ ಎರಡು ಮಾತು ಬಿಡಿಸಿ ಬರೆಯಿರಿ. "ಈ ಮೊತ್ತವನ್ನು ಇಂದಿನ ತಾರೀಖಿಗೇ ಅಸಲಿಗೆ ಜಮಾ ಮಾಡಿ" ಎಂಬುದು ಮೊದಲನೆಯದು. "ಕಂತು ಈಗಿರುವಷ್ಟೇ ಇರಲಿ, ಅವಧಿ ಕಡಿಮೆ ಮಾಡಿ" ಎಂಬುದು ಎರಡನೆಯದು. ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಬದಲಾಗುವ ಬಡ್ಡಿಯ ಮನೆ ಸಾಲಕ್ಕೆ ಮೊದಲೇ ಕಟ್ಟಿದ್ದಕ್ಕೆ ಬ್ಯಾಂಕುಗಳು ದಂಡ ಹಾಕುವಂತಿಲ್ಲ, 2012ರಿಂದಲೇ ಆ ನಿಯಮವಿದೆ.

ಎರಡನೇ ಮಾತು ಯಾಕೆ ಅಷ್ಟು ಮುಖ್ಯ ಅಂದರೆ, ದರ 7.90ಕ್ಕೆ ಇಳಿದ ಕೂಡಲೇ ಕಂತನ್ನು 20,325ಕ್ಕೆ ಇಳಿಸಿಕೊಳ್ಳಬಹುದು ಎಂದು ನಮಗೆ ಹೇಳಿದರು. ತಿಂಗಳಿಗೆ ಎರಡೂವರೆ ಸಾವಿರ ಉಳಿಯುತ್ತದೆ, ಕೇಳಲು ಚೆನ್ನಾಗಿದೆ. ಆದರೆ 22 ಲಕ್ಷಕ್ಕೆ 22,850ನ್ನೇ ಕಟ್ಟುತ್ತಾ ಹೋದರೆ ಸಾಲ 153 ತಿಂಗಳಿಗೆ, ಅಂದರೆ 2038ರಲ್ಲಿ ಮುಗಿಯುತ್ತದೆ. ನಿವೃತ್ತಿಗೆ ಮೂರು ವರ್ಷ ಮೊದಲು! ಆ ಮೂರು ವರ್ಷ ಅದೇ ಕಂತನ್ನು ಶೇ 6.5ರ ಆರ್‌ಡಿಗೆ ಹಾಕಿದರೂ ಕೈಗೆ ಒಂಬತ್ತು ಲಕ್ಷ ಬರುತ್ತದೆ. ಇದಕ್ಕೆ ಒಂದು ರೂಪಾಯಿಯೂ ಹೆಚ್ಚಿಗೆ ಕಟ್ಟಬೇಕಿಲ್ಲ. ಕಂತು ಇಳಿಸಬೇಡಿ ಎಂದು ಒಂದು ಕಾಗದ ಬರೆದರೆ ಸಾಕು.

ಇಷ್ಟಾದ ಮೇಲೆ ಉಳಿಯುವುದು ಸಂಬಳದ ಹೊರತಾಗಿ ಕೈಗೆ ಬರುವ ಹೆಚ್ಚುವರಿ ದುಡ್ಡಿನ ಪ್ರಶ್ನೆ. ಡಿಎ ಬಾಕಿ, ರಜೆ ನಗದು, ಕಬ್ಬಿನ ಪಾಲು. ಇವು ತಿಂಗಳಿಗೊಮ್ಮೆ ಬರುವುದಿಲ್ಲ. ಕಬ್ಬು ಕೊಟ್ಟ 14 ದಿನದಲ್ಲಿ ಹಣ ಕೊಡಬೇಕು ಎಂದು ನಿಯಮವಿದೆ, ಮುಧೋಳ ಕಡೆಯ ರೈತರನ್ನು ಕೇಳಿದರೆ ಅದು ಯಾವಾಗ ಬರುತ್ತದೆ ಎಂದು ಹೇಳುತ್ತಾರೆ. ಹಾಗಾಗಿ ಶೀಟಿನಲ್ಲಿ ಈ ಹಣಕ್ಕೆ ತಾರೀಖು ಹಾಕಿಲ್ಲ. ಬಂದ ದಿನ ಎಲ್ಲಿಗೆ ಹೋಗಬೇಕು ಎಂಬುದನ್ನು ಮಾತ್ರ ಹಾಕಿದ್ದೇನೆ.

ಮಾವನವರದು ಒಂದೇ ಮಾತು. "ನೋಡವಾ, ಮೊದಲ ಸಾಲ ಹರಕೋರಿ. ಮುಳುಗಡಿ ಪರಿಹಾರದ ರೊಕ್ಕ ಬಂದಾಗ ಓಣ್ಯಾಗ ಎಲ್ಲಾರೂ ಸಾವಕಾರ್ರು. ಆಮ್ಯಾಲ ಯಾರ ಕೈಯಾಗೂ ಉಳೀಲಿಲ್ಲ." ಹಳೇ ಬಾಗಲಕೋಟೆಯ ಅವರ ಮನೆ ಆಲಮಟ್ಟಿ ಹಿನ್ನೀರಿಗೆ ಹೋದದ್ದು. ಕೈಯಲ್ಲಿ ಇಟ್ಟುಕೊಂಡ ದುಡ್ಡು ಕರಗುತ್ತದೆ ಎಂಬ ಅವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಎಲ್ಲವನ್ನೂ ಮನೆ ಸಾಲಕ್ಕೆ, ಅಂದರೆ ಗೋಡೆಗೆ ಹಾಕಿದರೆ, ಅಂಗಡಿಗೋ ಆಸ್ಪತ್ರೆಗೋ ಬೇಕಾದ ದಿನ ಗೋಡೆಯಿಂದ ದುಡ್ಡು ಬಿಚ್ಚಿಕೊಳ್ಳಲು ಬರುವುದಿಲ್ಲ.

ಶೀಟು ಹೇಳುವುದು ಹೀಗೆ. ನಾನು ಹೊಸ ತೆರಿಗೆ ಪದ್ಧತಿಯಲ್ಲಿದ್ದೇನೆ. ನಾವೇ ವಾಸವಿರುವ ಮನೆಯ ಬಡ್ಡಿಗೆ ಅಲ್ಲಿ ವಿನಾಯಿತಿ ಇಲ್ಲ. ಹಾಗಾಗಿ ಒಂದು ಲಕ್ಷ ಅಸಲು ತೀರಿಸಿದರೆ ಈಗಿನ ದರದಲ್ಲಿ ವರ್ಷಕ್ಕೆ 7,900 ಉಳಿತಾಯ, ಇದರಲ್ಲಿ ಒಳಹೊರಗು ಇಲ್ಲ. ಅದೇ ಲಕ್ಷ ಪಿಪಿಎಫ್‌ನಲ್ಲಿದ್ದರೆ 7,100, ತೆರಿಗೆ ಇಲ್ಲ. ಆ 7.1 ದರ 2020ರ ಏಪ್ರಿಲ್‌ನಿಂದ ಅಲ್ಲಾಡಿಲ್ಲ. 2023ರಲ್ಲಿ ನಮ್ಮ ಬಡ್ಡಿ 9.15 ಇದ್ದಾಗ ಎರಡರ ಅಂತರ ಲಕ್ಷಕ್ಕೆ 2,050 ಇತ್ತು, ಆಗ ಸಾಲ ತೀರಿಸುವುದೇ ಸರಿ. ಈಗ ಅಂತರ ಬರೀ 800.

ಆ 800 ಬಿಟ್ಟುಕೊಟ್ಟರೆ ಏನು ಸಿಗುತ್ತದೆ? ನಮ್ಮವರ ಹೆಸರಿನಲ್ಲಿ ದುಡ್ಡು. ಅವರಿಗೆ 46. ಅಟಲ್ ಪಿಂಚಣಿಗೆ 40ರೊಳಗೆ ಸೇರಬೇಕಿತ್ತು, ಆ ಬಾಗಿಲು ಮುಚ್ಚಿದೆ. ನನಗೆ ಎನ್‌ಪಿಎಸ್‌ನಲ್ಲಿ ನನ್ನ ಶೇ 10, ಸರ್ಕಾರದ ಶೇ 14 ಪ್ರತಿ ತಿಂಗಳೂ ಬೀಳುತ್ತಿದೆ. ಅವರಿಗೆ ಯಾರೂ ಹಾಕುವವರಿಲ್ಲ. ಇನ್ನೊಂದು ವಿಷಯ, ಸಾಲದ ವಿಚಾರದಲ್ಲಿ ಕೋರ್ಟು ಡಿಕ್ರಿ ಕೊಟ್ಟರೂ ಪಿಪಿಎಫ್ ಹಣವನ್ನು ಜಪ್ತಿ ಮಾಡುವಂತಿಲ್ಲ. ಉದ್ದರಿ ಕೊಟ್ಟು ತಂದು ಅಂಗಡಿ ನಡೆಸುವವರಿಗೆ ಇದು ಸಣ್ಣ ಮಾತಲ್ಲ. 2022ರ ಫೆಬ್ರವರಿಯಲ್ಲಿ ತೆರೆದ ಅವರ ಖಾತೆ 2037ರ ಏಪ್ರಿಲ್‌ಗೆ ಮಾಗುತ್ತದೆ, ಬೇಕೆಂದರೆ ಐದೈದು ವರ್ಷ ಮುಂದುವರಿಸಬಹುದು.

ಹಾಗಾಗಿ ಶೀಟಿನಲ್ಲಿ ಒಂದು ಗಡಿ ಹಾಕಿದ್ದೇನೆ. ಸಾಲದ ದರ ಪಿಪಿಎಫ್‌ಗಿಂತ ಒಂದೂವರೆ ಶೇಕಡಾ ಅಂಶಕ್ಕಿಂತ ಮೇಲಿದ್ದರೆ ಹೆಚ್ಚುವರಿ ದುಡ್ಡು ಸಾಲಕ್ಕೆ. ಕೆಳಗಿದ್ದರೆ ಮೊದಲು ಅವರ ಪಿಪಿಎಫ್‌ಗೆ, ವರ್ಷದ ಮಿತಿ ಒಂದೂವರೆ ಲಕ್ಷ ತುಂಬಿದ ಮೇಲೆ ಸಾಲಕ್ಕೆ. ಯಾಕೆ ಒಂದೂವರೆ ಎಂದು ಕೇಳಿದರೆ, ಅದು ನಮ್ಮ ಮನೆಯ ತೀರ್ಮಾನ. ಇಬ್ಬರಿಗೂ ಪಿಂಚಣಿ ಇರುವ ಮನೆಯಲ್ಲಿ ನಾನು ಇದನ್ನು ಅರ್ಧಕ್ಕೆ ಇಳಿಸುತ್ತಿದ್ದೆ. ತಿಂಗಳ 3,000ದ ಮ್ಯೂಚುವಲ್ ಫಂಡ್ ಎಸ್‌ಐಪಿ ಮಾತ್ರ ಯಾವ ಕಾರಣಕ್ಕೂ ನಿಲ್ಲುವುದಿಲ್ಲ. ಏಜೆಂಟರು ವರ್ಷಕ್ಕೆ ಶೇ 12 ಬರುತ್ತದೆ ಅಂತ ಬರೆದು ಕೊಡುತ್ತಾರೆ, ನಾನು 6, 9, 12 ಮೂರೂ ಸಾಲು ಹಾಕಿ 6ರ ಸಾಲನ್ನು ನೋಡಿಯೇ ನಿರ್ಧಾರ ಮಾಡುತ್ತೇನೆ.

ಇವೆಲ್ಲಕ್ಕೂ ಮೊದಲು ಆರು ತಿಂಗಳ ಕಂತು ಮತ್ತು ಮನೆ ಖರ್ಚು ಎಫ್‌ಡಿಯಲ್ಲಿ ಇರಲೇಬೇಕು. ನಮ್ಮ ಕಡೆ ಪತ್ತಿನ ಸಂಘ, ಸೌಹಾರ್ದಗಳಲ್ಲಿ ಒಂದೆರಡು ಅಂಶ ಜಾಸ್ತಿ ಬಡ್ಡಿ ಆಸೆ ತೋರಿಸುತ್ತಾರೆ. ಐದು ಲಕ್ಷದ ಠೇವಣಿ ವಿಮೆ ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳಿಗೂ ಇದೆ. ಪತ್ತಿನ ಸಂಘಗಳಿಗೆ ಇಲ್ಲ. ತುರ್ತಿನ ದುಡ್ಡನ್ನು ಅಲ್ಲಿ ಇಡಲು ನನಗೆ ಧೈರ್ಯವಿಲ್ಲ.

ಈ ಲೆಕ್ಕದ ನಡುವೆ ಮುಂದಿನ ಶೀಟಿನ ಹುಚ್ಚು ಹತ್ತಿಬಿಟ್ಟಿದೆ. ಚಾವಣಿಗೆ ಸೋಲಾರ್! 3 ಕಿಲೋವ್ಯಾಟ್‌ಗೆ ಪಿಎಂ ಸೂರ್ಯ ಘರ್‌ನಲ್ಲಿ 78,000 ಸಹಾಯಧನ. ನಮ್ಮ ಬಿಸಿಲಿಗೆ ಸುಲಭದ ಲೆಕ್ಕ ಅಂದುಕೊಂಡರೆ ಗೃಹಜ್ಯೋತಿ ಅಡ್ಡ ಬರುತ್ತದೆ. ನಮ್ಮ ಪಾಲಿನ ಯುನಿಟ್ ಒಳಗೇ ಇದ್ದರೆ ಬಿಲ್ಲೇ ಇಲ್ಲ, ಸೋಲಾರ್ ಉಳಿಸುವುದೇನು? 200 ಯುನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ನಮ್ಮದೇ. ಅಂದರೆ ಲೆಕ್ಕವೆಲ್ಲ ಏಪ್ರಿಲ್, ಮೇ ತಿಂಗಳ ಕೂಲರ್ ಮೇಲೆ ನಿಂತಿದೆ. ಹೆಸ್ಕಾಂ ಬಿಲ್ಲುಗಳನ್ನು ಒಟ್ಟು ಮಾಡುತ್ತಿದ್ದೇನೆ. ಯಾರಾದರೂ ಗೃಹಜ್ಯೋತಿ ಇಟ್ಟುಕೊಂಡೇ ಚಾವಣಿ ಸೋಲಾರ್ ಹಾಕಿಸಿದ್ದರೆ ನಿಮ್ಮ ಅಂಕಿ ಕೊಡಿ.

ಸದ್ಯದ ಸ್ಥಿತಿ: 75,000 ಅಸಲಿಗೆ ಬಿದ್ದಿದೆ, ಆದರೆ ಜನವರಿಯ ತಾರೀಖಿಗೆ. ಅಕ್ಟೋಬರ್ 31ಕ್ಕೇ ಹಾಕಿ, ಎರಡು ತಿಂಗಳು ಹೆಚ್ಚಿಗೆ ಹಿಡಿದ 1,025 ರೂಪಾಯಿ ವಾಪಸ್ ಕೊಡಿ ಎಂದು ದಿನದ ಲೆಕ್ಕದ ಪ್ರಿಂಟ್ ಸಮೇತ ದೂರು ಕೊಟ್ಟು ಸೀಲು ಹಾಕಿಸಿದ್ದೇನೆ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಕೇಳುವ ಅಧಿಕಾರಿ) ಆನ್‌ಲೈನಿನಲ್ಲೇ ಹಾಕಬಹುದು, ಶುಲ್ಕವಿಲ್ಲ. ಆ ಅರ್ಜಿಯ ಕರಡೂ ರೆಡಿ ಇದೆ. ಏಪ್ರಿಲ್ 5ರೊಳಗೆ ನಮ್ಮವರ ಪಿಪಿಎಫ್ ಕಟ್ಟಬೇಕು. 5 ದಾಟಿದರೆ ಆ ತಿಂಗಳ ಬಡ್ಡಿ ಹೋಗುತ್ತದೆ. ಈ ವರ್ಷ ಅದಕ್ಕೆ 60,000 ಎತ್ತಿಟ್ಟಿದ್ದೇವೆ.