ಮಸಾಯಿ ಮಾರಾದಲ್ಲಿ ಒಂದು ನಿಜವಾದ ಸಿಂಹಾವಲೋಕನ

"ಇದನ್ನ ನೋಡೋಕೆ ಇಷ್ಟು ದೂರ ಬರಬೇಕಿತ್ತೇನೋ?" ಅಂದರು ಅಪ್ಪ.

ಅವರದ್ದೇನೂ ತಪ್ಪಿಲ್ಲ. ನಮ್ಮ ಗಾಡಿಯಿಂದ ಸ್ವಲ್ಪ ದೂರದಲ್ಲಿ, ಒಂದು ಮುಳ್ಳಿನ ಮರದ ನೆರಳಲ್ಲಿ, ಗಂಡು ಸಿಂಹವೊಂದು ಅಂಗಾತ ಬಿದ್ದುಕೊಂಡಿತ್ತು. ಕಾಲು ನಾಲ್ಕೂ ಮೇಲೆ. ಮದುವೆ ಮನೆಯಲ್ಲಿ ಎರಡನೇ ಪಂಕ್ತಿ ಊಟ ಮುಗಿಸಿ ಜಮಖಾನದ ಮೇಲೆ ಉರುಳಿಕೊಂಡ ದೊಡ್ಡಪ್ಪನ ಹಾಗೆ. ಮುಖದ ತುಂಬ ನೊಣ. ನಾವು ಕಾದ ನಲವತ್ತು ನಿಮಿಷದಲ್ಲಿ ಅದು ಮಾಡಿದ ಕೆಲಸ ಒಂದೇ, ಬಾಲ ಎತ್ತಿ ನೆಲಕ್ಕೆ ಬಡಿದದ್ದು.

ನಾನು ಕೀನ್ಯಾದ ನೈರೋಬಿಗೆ ಬಂದು ಆರು ವರ್ಷವಾಯಿತು. ಇಲ್ಲಿ ಊರಿಗೆ ಅಂಟಿಕೊಂಡೇ ಒಂದು ನ್ಯಾಷನಲ್ ಪಾರ್ಕ್ ಇದೆ, 117 ಚದರ ಕಿಲೋಮೀಟರಿನದು. ಜಿರಾಫೆಯ ಹಿಂದೆ ಎತ್ತರದ ಆಫೀಸು ಕಟ್ಟಡಗಳು ಕಾಣುತ್ತವೆ. ಅಲ್ಲಿ ಸಿಂಹಿಣಿಗಳನ್ನು ಹಲವು ಸಲ ನೋಡಿದ್ದೆ, ದೊಡ್ಡ ಕೇಸರದ ಗಂಡು ಮಾತ್ರ ನನಗೆ ಸಿಕ್ಕಿರಲಿಲ್ಲ. ಅಪ್ಪ ಅಮ್ಮ ಹಾಸನದಿಂದ ಬಂದಾಗ ಮಸಾಯಿ ಮಾರಾ ಅಭಯಾರಣ್ಯಕ್ಕೇ ಹೋಗೋಣ ಅಂತ ತೀರ್ಮಾನಿಸಿದೆ. ಜೂನ್ ಕೊನೆಯ ವಾರ. ವರ್ಷವರ್ಷ ವಲಸೆ ಬರುವ ವಿಲ್ಡಬೀಸ್ಟ್ ಅನ್ನುವ ಹುಲ್ಲು ಮೇಯುವ ಪ್ರಾಣಿಗಳ ಹಿಂಡುಗಳು ಪಕ್ಕದ ಟಾಂಜಾನಿಯಾದ ಸೆರೆಂಗೆಟಿಯಿಂದ ಇನ್ನೂ ಬಂದಿರಲಿಲ್ಲ. ಆದರೆ ಹೊರದೇಶದವರಿಗೆ ದಿನದ ಟಿಕೆಟ್ ಜೂನ್ ತನಕ 100 ಡಾಲರ್, ಜುಲೈ ಒಂದರಿಂದ 200. ಅಪ್ಪ ಇದನ್ನು ರೂಪಾಯಿಗೆ ತಿರುಗಿಸಿ, ಇಬ್ಬರಿಗೆ ಎರಡು ದಿನಕ್ಕೆ ಎಷ್ಟು ಅಂತ ಗುಣಿಸಿ, "ಜೂನ್ ಸಾಕು" ಅಂದರು.

ನೈರೋಬಿಯಿಂದ ನಾರೋಕ್ ಊರು ದಾಟಿ ಸೆಕೆನಾನಿ ಗೇಟಿಗೆ ಐದಾರು ಗಂಟೆಯ ದಾರಿ. ಆ ದಾರಿಯ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಅಮ್ಮ ಕೋಡುಬಳೆ ಡಬ್ಬ ತೆಗೆದರು, ನಾರೋಕ್ ಬರುವಷ್ಟರಲ್ಲಿ ಖಾಲಿ.

ನಮ್ಮ ಗೈಡ್ ಇಲ್ಲಿಯ ದನಗಾಹಿ ಮಸಾಯಿ ಜನದವನು, ನಲವತ್ತರ ಆಸುಪಾಸು. ಅಪ್ಪನನ್ನು 'ಮ್ಜೇ' ಅಂತ ಕರೆಯುತ್ತಿದ್ದ. ಸ್ವಾಹಿಲಿಯಲ್ಲಿ ಹಿರಿಯರಿಗೆ ಕೊಡುವ ಮರ್ಯಾದೆ ಅದು. ಸಿಂಹಕ್ಕೆ ಸ್ವಾಹಿಲಿಯಲ್ಲಿ 'ಸಿಂಬಾ'. ಅಮ್ಮನಿಗೆ ಇದು ಕೇಳಿ ಖುಷಿಯೋ ಖುಷಿ, "ನಮ್ಮ ಸಿಂಹನೇ ಅಲ್ವಾ!" ಅಲ್ಲ, ಅದು ಆಫ್ರಿಕಾದ ಬಂಟು ಭಾಷೆಗಳ ಸ್ವಂತ ಪದ, ನಮ್ಮದಕ್ಕೆ ಹೋಲುವುದು ಬರೀ ಆಕಸ್ಮಿಕ. ಹೇಳಿದೆ. ಅಮ್ಮ ಒಪ್ಪಲಿಲ್ಲ.

ಅಪ್ಪನ ಗೊಣಗಾಟದ ಅರ್ಥ ಗೈಡಿಗೆ ಭಾಷೆ ಬರದಿದ್ದರೂ ಆಯಿತು. "ದಿನಕ್ಕೆ 16ರಿಂದ 20 ಗಂಟೆ ಹೀಗೇ. ಕಾಯಿರಿ ಮ್ಜೇ" ಅಂದ. ಆಮೇಲೆ ಬೈನಾಕ್ಯುಲರ್ ಕೊಟ್ಟು ಸಿಂಹದ ಮೀಸೆಯ ಬುಡ ನೋಡಲು ಹೇಳಿದ. ಅಲ್ಲಿ ಸಾಲಾಗಿ ಕಪ್ಪು ಚುಕ್ಕೆಗಳು. ಮೇಲಿನ ಸಾಲಿನ ಚುಕ್ಕೆಗಳು ಎಲ್ಲೆಲ್ಲಿ ಬರುತ್ತವೆ ಅನ್ನುವುದು ಒಂದೊಂದು ಸಿಂಹಕ್ಕೂ ಬೇರೆ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಚುಕ್ಕೆ ನೋಡಿ ಸಿಂಹ ಗುರುತಿಸುವ ಈ ಪದ್ಧತಿ 1970ರಲ್ಲಿ ಹೊರಬಂತು, ಅದೂ ನಮ್ಮ ನೈರೋಬಿ ಪಾರ್ಕಿನ ಸಿಂಹಗಳ ಅಧ್ಯಯನದಿಂದ. ಆರು ವರ್ಷದಿಂದ ಅದೇ ಊರಲ್ಲಿದ್ದರೂ ನನಗೆ ಗೊತ್ತಿರಲಿಲ್ಲ.

"ಒಂಟಿ ಸಿಂಹ" ಅಂದರು ಅಪ್ಪ, ಸ್ವಲ್ಪ ಗೌರವದಿಂದಲೇ.

ನಾನು ಅನುವಾದ ಮಾಡಿದೆ. ಗೈಡ್ ತಲೆಯಾಡಿಸಿದ. "ಇಲ್ಲ. ಇನ್ನೊಬ್ಬ ಇರಲೇಬೇಕು."

ನಮ್ಮೂರ ಆಟೋಗಳ ಹಿಂದೆ ಒಂಟಿ ಸಿಂಹದ ಚಿತ್ರ ನೋಡಿಕೊಂಡು ಬೆಳೆದವನು ನಾನು. ಇಲ್ಲಿ ಒಂಟಿ ಗಂಡು ಅಂದರೆ ಪಾಪ ಅನ್ನಿಸುವ ಪ್ರಾಣಿ. ಎರಡು ಮೂರು ವರ್ಷ ತುಂಬುತ್ತಿದ್ದಂತೆ ಗಂಡುಮರಿಗಳನ್ನು ಹುಟ್ಟಿದ ಗುಂಪಿನ ದೊಡ್ಡ ಸಿಂಹಗಳೇ ಹೊರಗೆ ಅಟ್ಟುತ್ತವೆ. ಅಣ್ಣತಮ್ಮಂದಿರು, ದಾಯಾದಿಗಳು, ಕೆಲವೊಮ್ಮೆ ಸಂಬಂಧವೇ ಇಲ್ಲದ ಗಂಡುಗಳು ಜೊತೆ ಕಟ್ಟಿಕೊಂಡು ಅಲೆಯುತ್ತವೆ. ಬಲ ಬಂದ ಮೇಲೆ ಯಾವುದಾದರೂ ಗುಂಪಿನ ಹಳೆ ಗಂಡುಗಳನ್ನು ಓಡಿಸಿ ತಾವು ನಿಲ್ಲುತ್ತವೆ. ಅಲ್ಲಿದ್ದ ಚಿಕ್ಕ ಮರಿಗಳನ್ನು ಕೊಲ್ಲುವುದೂ ಉಂಟು, ಮರಿ ಹೋದರೆ ಸಿಂಹಿಣಿ ಬೇಗ ಬೆದೆಗೆ ಬರುತ್ತದೆ. ಇದನ್ನು ಅಮ್ಮನಿಗೆ ಹೇಳಬಾರದಿತ್ತು. ಅವರು ಆಮೇಲೆ ಒಂದು ಗಂಟೆ ಆ ಸಿಂಹದ ಕಡೆ ತಿರುಗಲೇ ಇಲ್ಲ. ಇಷ್ಟೆಲ್ಲ ಮಾಡಿ ಸಿಗುವ ದರ್ಬಾರು ಸಾಮಾನ್ಯವಾಗಿ ಎರಡು ಮೂರು ವರ್ಷ, ಅಷ್ಟರಲ್ಲಿ ಇನ್ನೊಂದು ಜೋಡಿ ಬಂದಿರುತ್ತದೆ. ಜೊತೆಗಾರರು ಜಾಸ್ತಿ ಇದ್ದಷ್ಟೂ ಉಳಿಯುವ ಕಾಲ ಜಾಸ್ತಿ.

ಬಲಗಣ್ಣಿನ ಮೇಲೆ ಗಾಯದ ಗೆರೆಯಿದ್ದ ಸ್ಕಾರ್‌ಫೇಸ್ ಅನ್ನುವ ಸಿಂಹ ಇದೇ ಮಾರಾದ್ದು. 2021ರ ಜೂನಿನಲ್ಲಿ ಸತ್ತಾಗ ಅದಕ್ಕೆ ಹತ್ತಿರ ಹತ್ತಿರ 14 ವರ್ಷ. ಕಾಡಿನ ಗಂಡಿಗೆ ಅದು ಅಪರೂಪದ ವಯಸ್ಸು. ಫೋಟೋಗಳಲ್ಲಿ ಅದೊಂದೇ ಹೀರೋ. ಆದರೆ ಅದಕ್ಕೂ ಮೂವರು ಜೊತೆಗಾರರಿದ್ದರು: ಹಂಟರ್, ಮೊರಾನಿ, ಸಿಕಿಯೊ. ಸಿಕಿಯೊ ಅಂದರೆ ಕಿವಿ.

ಕಾಯುವ ಹೊತ್ತಲ್ಲಿ ಅಪ್ಪನಿಗೂ ಗೈಡಿಗೂ ಮಾತು ಹತ್ತಿತು. ನಡುವೆ ದುಭಾಷಿ ನಾನು. ವಿಷಯ ಸಿಂಹವಲ್ಲ, ದನ. ನಿಮ್ಮಲ್ಲಿ ಎಷ್ಟು ದನ, ಹಾಲು ಎಷ್ಟು, ರಾತ್ರಿ ಎಲ್ಲಿ ಕಟ್ಟುತ್ತೀರಿ. ಗೈಡ್ ಹುಡುಗನಾಗಿದ್ದಾಗ ಅವನ ಅಪ್ಪನ ಎರಡು ಹಸುಗಳನ್ನು ಸಿಂಹ ಹಿಡಿದಿತ್ತಂತೆ. ಅಪ್ಪ ತಕ್ಷಣ ನಮ್ಮ ಕೊಟ್ಟಿಗೆಯ ಕರು ಹೊತ್ತೊಯ್ದ ಚಿರತೆಯ ಕಥೆ ತೆಗೆದರು. ಮೊದಲು ಮಸಾಯಿ ಯುವಕರು ಭರ್ಜಿ ಹಿಡಿದು ಸಿಂಹ ಬೇಟೆಗೆ ಹೋಗುತ್ತಿದ್ದರು. ಕೀನ್ಯಾದಲ್ಲಿ 1977ರಿಂದ ಬೇಟೆ ನಿಷೇಧ. ಈಗ ಕೆಲವರು ಮುಳ್ಳುಬೇಲಿಯ ಸುತ್ತ ಮಿನುಗುವ ದೀಪ ಹಾಕುತ್ತಾರೆ. ಅದನ್ನು ಮಾಡಿ ಹೆಸರಾದವನು ನೈರೋಬಿ ಪಾರ್ಕಿನ ಪಕ್ಕದ ಮಸಾಯಿ ಹುಡುಗ ರಿಚರ್ಡ್ ಟುರೆರೆ. ಹಳೆ ಕಾರ್ ಬ್ಯಾಟರಿ, ಸೋಲಾರ್ ಪ್ಯಾನಲ್, ಬೈಕಿನ ಇಂಡಿಕೇಟರ್ ಡಬ್ಬಿ, ಟಾರ್ಚ್ ಬಲ್ಬು, ಇಷ್ಟೇ ಸಾಮಾನು. ಯಾರೋ ಟಾರ್ಚ್ ಹಿಡಿದು ಓಡಾಡುತ್ತಿದ್ದಾರೆ ಅಂತ ಸಿಂಹ ಹತ್ತಿರ ಬರುವುದಿಲ್ಲ. ಅಪ್ಪ ಸರ್ಕೀಟು ಹೇಗೆ ಅಂತ ಎರಡು ಸಲ ಕೇಳಿ ತಿಳಿದುಕೊಂಡರು.

ನಾಲ್ಕೂವರೆಗೆ ಸಿಂಹ ಎದ್ದಿತು.

ಮಲಗಿದ್ದಾಗ ದೊಡ್ಡಪ್ಪ, ಎದ್ದಾಗ ಬೇರೆಯೇ. ಗಾಡಿಯಲ್ಲಿ ಮಾತು ನಿಂತುಹೋಯಿತು. ಕುತ್ತಿಗೆಯಿಂದ ಎದೆಯವರೆಗೆ ಕಪ್ಪು ಕೇಸರ, ಮುಖದ ಸುತ್ತ ಮಾತ್ರ ಜೇನಿನ ಬಣ್ಣ. ಕೇಸರ ಕಪ್ಪಿದ್ದಷ್ಟೂ ಗಂಡು ಗಟ್ಟಿ ಅನ್ನುವುದು ಇಲ್ಲಿಯವರ ಲೆಕ್ಕ. ಸೆರೆಂಗೆಟಿಯಲ್ಲಿ ಸಂಶೋಧಕರಾದ ಕ್ರೇಗ್ ಪ್ಯಾಕರ್ ಮತ್ತು ಪೇಟನ್ ವೆಸ್ಟ್ ಬೇರೆ ಬೇರೆ ಕೇಸರದ ಗೊಂಬೆ ಸಿಂಹಗಳನ್ನು ನಿಲ್ಲಿಸಿ ಪರೀಕ್ಷೆ ಮಾಡಿ, 2002ರಲ್ಲಿ ಪ್ರಕಟಿಸಿದ್ದರು. ಹೆಣ್ಣುಗಳು ಕಪ್ಪು ಕೇಸರದ ಗೊಂಬೆಯತ್ತ ಹೋದವು. ಗಂಡುಗಳು ಗಿಡ್ಡ ಕೇಸರದ್ದರ ಕಡೆಗೆ ಹೋದವು. ಜಗಳವಾದರೆ ಗೆಲ್ಲಬಹುದು ಅನ್ನುವ ಲೆಕ್ಕ ಇರಬೇಕು.

"ಬೇಲೂರಿನ ಸಿಂಹಕ್ಕೆ ಗುಂಗುರು ಕೂದಲು ಕೆತ್ತಿದ್ದಾರಲ್ಲ, ಇದಕ್ಕೆ ಅಂಥದ್ದೇನೂ ಇಲ್ಲ" ಅಂದರು ಅಪ್ಪ, ಪಿಸುಮಾತಿನಲ್ಲಿ.

ಸಿಂಹ ಒಂದು ಪೊದೆಗೆ ಬೆನ್ನು ಮಾಡಿ ಬಾಲ ಎತ್ತಿ ಮೂತ್ರ ಚಿಮ್ಮಿಸಿತು, ಇದು ನನ್ನ ಜಾಗ ಅಂತ. ರಸ್ತೆಗೆ ಬಂತು. ಅಷ್ಟರಲ್ಲಿ ರೇಡಿಯೋ ಕೇಳಿಸಿಕೊಂಡು ಒಂಬತ್ತು ಗಾಡಿ ಸೇರಿದ್ದವು. ಒಂದು ಪ್ರಾಣಿಗೆ ಐದೇ ಗಾಡಿ ಅನ್ನುವ ನಿಯಮ ಅಲ್ಲಿ ಯಾರಿಗೂ ನೆನಪಿಗೆ ಬಂದಂತೆ ಕಾಣಲಿಲ್ಲ. ನಾವೂ ಅದರಲ್ಲಿ ಒಬ್ಬರೇ, ದೂರಿ ಏನು ಮಾಡುವುದು. ಸಿಂಹ ಯಾರನ್ನೂ ನೋಡಲಿಲ್ಲ. ಗಾಡಿಗಳ ಸಂದಿಯಲ್ಲಿ ಹೊಕ್ಕು, ನಮ್ಮ ಟೈರಿನ ಪಕ್ಕದಲ್ಲೇ ಹಾದು, ಆಚೆ ಹುಲ್ಲಿಗೆ ಇಳಿಯಿತು. ಇಪ್ಪತ್ತು ಹೆಜ್ಜೆ ಹೋಗಿ ನಿಂತು, ಕತ್ತು ತಿರುಗಿಸಿ ಹಿಂದೆ ನೋಡಿತು. ಮತ್ತೆ ನಡೆಯಿತು. ಮತ್ತೆ ನಿಂತು ಹಿಂದೆ ನೋಡಿತು.

ವರ್ಷದ ಕೊನೆಗೆ ಆಫೀಸಿನಲ್ಲಿ, ಸಂಘದ ಸಭೆಯಲ್ಲಿ 'ಸಿಂಹಾವಲೋಕನ' ಅನ್ನುತ್ತೇವಲ್ಲ. ಗೆದ್ದ ರಾಜ ನಡೆದು ಬಂದ ದಾರಿಯನ್ನು ಗತ್ತಿನಿಂದ ನೋಡಿದಂತೆ ಅಂತಲೇ ನಾನು ತಿಳಿದಿದ್ದೆ. ಈ ನೋಟದಲ್ಲಿ ಗತ್ತು ಇರಲಿಲ್ಲ. ಸಂತೆಯಲ್ಲಿ ಜೊತೆಯವನು ಎಲ್ಲಿ ಹಿಂದೆ ಬಿದ್ದ ಅಂತ ನೋಡುವವನ ನೋಟ ಅದು.

ಐದು ನಿಮಿಷದ ಮೇಲೆ ಮರದ ಹಿಂದಿನ ಹುಲ್ಲು ಅಲುಗಿತು. ಅಲ್ಲೇ ಇತ್ತು ಇನ್ನೊಂದು, ಇಷ್ಟು ಹೊತ್ತೂ! ಬಣ್ಣ ತಿಳಿ, ಮುಂಗಾಲು ಸ್ವಲ್ಪ ಕುಂಟು. ನಿಧಾನಕ್ಕೆ ರಸ್ತೆ ದಾಟಿ ಬಂತು. ಮೊದಲನೆಯದು ಕಾದು ನಿಂತಿತ್ತು. ಎರಡೂ ಹಣೆಗೆ ಹಣೆ ಒರಸಿ, ಕುತ್ತಿಗೆಗೆ ಕುತ್ತಿಗೆ ಉಜ್ಜಿ, ಅಲ್ಲೇ ಹತ್ತು ಹೆಜ್ಜೆ ಆಚೆ ಹೋಗಿ ಮತ್ತೆ ಮಲಗಿದವು. ಅಪ್ಪ ಈ ಸಲ ಗೊಣಗಲಿಲ್ಲ.

ಟಿಕೆಟ್ ಆರು ಗಂಟೆಯ ತನಕ ಮಾತ್ರ. ಹೊರಟೆವು.

ರಾತ್ರಿ ಟೆಂಟಿನಲ್ಲಿ ಅಮ್ಮ ಎಬ್ಬಿಸಿದರು. ದೂರದಲ್ಲಿ ಗರ್ಜನೆ. ಮೊದಲು ಎರಡು ನರಳಿದಂಥ ಸದ್ದು, ಆಮೇಲೆ ಎದೆ ನಡುಗಿಸುವಂಥ ನಾಲ್ಕೈದು, ಕೊನೆಗೆ ಗುಕ್ಕು ಗುಕ್ಕು ಅಂತ ಇಳಿಯುತ್ತಾ ಹೋಗುತ್ತದೆ. ಎಂಟು ಕಿಲೋಮೀಟರ್ ತನಕ ಕೇಳುತ್ತದಂತೆ. ಒಂದು ನಿಂತ ಕೂಡಲೇ ಇನ್ನೊಂದು ಶುರು. ಅಪ್ಪ ಆಗಲೇ ಎದ್ದು ಕೂತು, ಫೋನನ್ನು ಟೆಂಟಿನ ಕಿಟಕಿಗೆ ಹಿಡಿದು ರೆಕಾರ್ಡ್ ಮಾಡಿ, ಊರಲ್ಲಿರುವ ಚಿಕ್ಕಪ್ಪನಿಗೆ ವಾಟ್ಸಾಪ್ ಮಾಡಿದ್ದರು.

ಬೆಳಿಗ್ಗೆ ಉತ್ತರ ಬಂದಿತ್ತು. "ಇದೇನಣ್ಣ, ನಮ್ಮ ಟ್ರ್ಯಾಕ್ಟರ್ ಸ್ಟಾರ್ಟ್ ಆಗದೇ ಇದ್ದಾಗ ಬರೋ ಸೌಂಡ್ ಇದ್ದಂಗಿದೆ."