ಕಾಗೆಯೂ ತಾತ, ತಾತನೂ ತಾತ

ಮಗನಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಮನೆಗೆ ಬಂದವರೆಲ್ಲ ಮೊದಲು ಕೇಳುತ್ತಿದ್ದುದು ಒಂದೇ, ‘ಮಾತಾಡ್ತಾನಾ?’ ಹೂಂ ಅಂದರೆ, ‘ಎಲ್ಲಿ, ಏನಾದ್ರೂ ಹೇಳು ಪುಟ್ಟಾ’ ಅಂತ ಶುರು. ಅವನು ತುಟಿ ಬಿಗಿಹಿಡಿದು ನನ್ನ ಕಾಲ ಹಿಂದೆ ಅಡಗುತ್ತಿದ್ದ. ‘ಗಂಡುಮಕ್ಕಳಿಗೆ ಮಾತು ಸ್ವಲ್ಪ ತಡ, ಬಿಡಮ್ಮ’ ಅಂತ ಅವರೇ ಸಮಾಧಾನ ಹೇಳಿ ಹೋಗುತ್ತಿದ್ದರು. ಕೇಳಿದವರು ಯಾರು, ಸಮಾಧಾನ ಬೇಕಿದ್ದವರು ಯಾರು!

ಎರಡು ವರ್ಷಕ್ಕೆ ಸುಮಾರು 50 ಪದ ಬರಬೇಕು, ಎರಡು ಪದ ಜೋಡಿಸಿ ಹೇಳಬೇಕು ಅನ್ನುವ ಲೆಕ್ಕ ಎಲ್ಲ ಕಡೆ ಸಿಗುತ್ತದೆ. ನಮ್ಮವನ ಹತ್ತಿರ ಅದರ ಕಾಲು ಭಾಗವೂ ಇರಲಿಲ್ಲ. ಆದರೆ ‘ಚೆಂಡು ಮಂಚದ ಕೆಳಗೆ ಹೋಗಿದೆ, ತಗೊಂಡು ಬಾ’ ಅಂದರೆ ಹೊಟ್ಟೆ ಮೇಲೆ ತೆವಳಿಕೊಂಡು ಹೋಗಿ ತರುತ್ತಿದ್ದ. ಹೇಳಿದ್ದೆಲ್ಲ ಅರ್ಥವಾಗುತ್ತದೆ ಅನ್ನುವುದು ಒಳ್ಳೆ ಲಕ್ಷಣ ಅಂದರು ಮಕ್ಕಳ ಡಾಕ್ಟರು. ಆದರೂ ಕಿವಿ ಪರೀಕ್ಷೆ ಮಾಡಿಸಿಬಿಡಿ ಅಂದರು. ಮಾತು ತಡವಾದಾಗ ಮೊದಲು ನೋಡುವುದು ಕಿವಿಯನ್ನೇ ಅಂತೆ. ಪೂರ್ತಿ ಕಿವುಡೇ ಇರಬೇಕು ಅಂತಿಲ್ಲ. ನೆಗಡಿಯಾದ ಮೇಲೆ ಕಿವಿತಮಟೆಯ ಹಿಂದೆ ನೀರು ನಿಂತರೂ ಮಾತು ಮಸುಕಾಗಿ ಕೇಳಿಸುತ್ತದೆ.

ಬರೆದುಕೊಟ್ಟಿದ್ದು ಬೇರಾ ಟೆಸ್ಟ್. ಹಣೆಗೆ, ಕಿವಿಯ ಹಿಂದೆ ಪುಟ್ಟ ಎಲೆಕ್ಟ್ರೋಡ್ ಅಂಟಿಸಿ ಕಿವಿಗೆ ಟಿಕ್ ಟಿಕ್ ಶಬ್ದ ಕೇಳಿಸುತ್ತಾರೆ. ಆ ಶಬ್ದಕ್ಕೆ ಕಿವಿಯ ನರ ಮತ್ತು ಮಿದುಳಿನ ಬುಡ ಕೊಡುವ ಉತ್ತರ ಕಂಪ್ಯೂಟರಿನಲ್ಲಿ ಅಲೆ ಅಲೆಯಾಗಿ ಮೂಡುತ್ತದೆ. ಮಗು ಏನೂ ಮಾಡಬೇಕಿಲ್ಲ, ನಿದ್ದೆ ಮಾಡಿದರೆ ಆಯಿತು.

ಈ ನಿದ್ದೆಯದ್ದೇ ದೊಡ್ಡ ಕಥೆ. ಬೆಳಿಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ಮಲಗಲು ಬಿಡಬೇಡಿ ಅಂದಿದ್ದರು. ಕಾರು ಹೊರಟಿದ್ದೇ ತಡ, ಅವನ ಕಣ್ಣು ಎಳೆಯತೊಡಗಿತು. ನಾನು ಪಾದಕ್ಕೆ ಕಚಗುಳಿ ಇಡುವುದು, ನಮ್ಮವರು ಕಾರು ಓಡಿಸುತ್ತಾ ಅಪಸ್ವರದಲ್ಲಿ ಹಾಡುವುದು. ಅಲ್ಲಿಗೆ ತಲುಪಿದ ಮೇಲೆ ಸಾಹೇಬರಿಗೆ ನಿದ್ದೆಯೇ ಇಲ್ಲ! ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಓಟ. ಕೊನೆಗೆ ಅಪ್ಪನ ಹೆಗಲ ಮೇಲೆ ಜೊಂಪು ಹತ್ತಿತು. ಎಲೆಕ್ಟ್ರೋಡ್ ಸರಿಯಾಗಿ ಕೂರಲಿ ಅಂತ ಆಡಿಯಾಲಜಿಸ್ಟ್ ಹಣೆಗೆ ಒಂಥರಾ ತರಿತರಿ ಜೆಲ್ ಹಚ್ಚಿ ಉಜ್ಜಿದರು. ಅವನು ಎದ್ದ. ಮತ್ತೆ ತಟ್ಟುವುದು, ಮತ್ತೆ ಹಾಡು. ಆಮೇಲೆ ದೀಪ ಆರಿಸಿದ ಕೋಣೆಯಲ್ಲಿ ಅವನು ಬಾಯಿ ತೆರೆದು ಮಲಗಿದ್ದ. ಆಡಿಯಾಲಜಿಸ್ಟ್ ಶಬ್ದವನ್ನು ಹಂತಹಂತವಾಗಿ ಕಡಿಮೆ ಮಾಡುತ್ತಾ ಹೋದರು. ಅಲೆಗಳಲ್ಲಿ ಐದನೆಯದು ಎಷ್ಟು ಸಣ್ಣ ಶಬ್ದದವರೆಗೂ ಕಾಣಿಸುತ್ತದೆ ಅನ್ನುವುದೇ ಮುಖ್ಯವಂತೆ. ನನಗೆ ಕಂಡಿದ್ದು ಬರೀ ಸೊಟ್ಟಪಟ್ಟ ಗೆರೆ. ನಾನು ಗೆರೆ ಬಿಟ್ಟು ಅವರ ಮುಖವನ್ನೇ ನೋಡುತ್ತಾ ಕೂತೆ.

ಕಿವಿ ಸರಿಯಾಗಿದೆ ಅಂದರು.

ಆಮೇಲೆ ನೋಡಿದ ಸ್ಪೀಚ್ ಥೆರಪಿಸ್ಟ್ ನಮ್ಮ ಲೆಕ್ಕವನ್ನೇ ಬದಲಿಸಿದರು. ನಾಯಿಗೆ ‘ಬೌ’, ಹಸುವಿಗೆ ‘ಅಂಬಾ’ ಅಂತ ಪ್ರತಿ ಸಲ ಅದಕ್ಕೇ ಹೇಳಿದರೆ ಅದೂ ಪದವೇ. ಉಚ್ಚಾರ ಸೊಟ್ಟಗಿದ್ದರೂ ಪರವಾಗಿಲ್ಲ. ‘ಹೇಳು, ಹೇಳು’ ಅಂತ ಹಿಂದೆ ಬೀಳಬೇಡಿ, ಅವನು ನೋಡುತ್ತಿರುವುದರ ಬಗ್ಗೆ ನೀವೇ ಮಾತಾಡಿ, ಆಮೇಲೆ ಸುಮ್ನೆ ಕಾಯಿರಿ ಅಂದರು. ಅವನು ‘ಚೆಂಡು’ ಅಂದರೆ ನಾವು ‘ದೊಡ್ಡ ಚೆಂಡು’ ಅನ್ನಬೇಕು. ಕೇಳುವುದಕ್ಕೆ ಸುಲಭ. ಆ ಕಾಯುವುದಿದೆಯಲ್ಲ, ಅದು ನನ್ನಂಥ ಬಾಯಿಬಡುಕಿಗೆ ಶಿಕ್ಷೆ.

ಕೆಲವು ತಿಂಗಳಲ್ಲಿ ಪದಗಳು ಬರತೊಡಗಿದವು. ಆದರೆ ‘ಕ’ ಬರಲಿಲ್ಲ, ಅದರ ಜಾಗದಲ್ಲೆಲ್ಲ ‘ತ’. ನಾಲಿಗೆಯ ಹಿಂಭಾಗ ಎತ್ತಿ ಹೇಳುವ ಅಕ್ಷರವನ್ನು ತುದಿಯಲ್ಲೇ ಮುಗಿಸಿಬಿಡುವುದು ಈ ವಯಸ್ಸಿನ ಮಕ್ಕಳಲ್ಲಿ ತುಂಬಾ ಸಾಮಾನ್ಯ. ನಮ್ಮ ಮನೆಯಲ್ಲಿ ಕಾಗೆಗೆ ‘ಕಾಕಾ’ ಅಂತ ಹೇಳಿಕೊಟ್ಟಿದ್ದೆವು. ಅವನ ಬಾಯಲ್ಲಿ ಅದು ‘ತಾತಾ’ ಆಯಿತು. ಕಿಟಕಿ ಹತ್ತಿರ ನಿಂತು ‘ತಾತಾ! ತಾತಾ!’ ಅಂತ ಕೂಗಿದರೆ ನಮ್ಮ ಮಾವ ಓದುತ್ತಿದ್ದ ಪೇಪರ್ ಬಿಟ್ಟು ‘ಏನಪ್ಪಾ, ಬಂದೆ’ ಅಂತ ಎದ್ದು ಬರುತ್ತಿದ್ದರು. ಇವನಿಗೆ ಸಿಟ್ಟು.

ಒಂದು ದಿನ ಕಾಗೆ ತೋರಿಸಿ ನಾನೂ ಅವನ ಹಾಗೇ ಕೇಳಿದೆ. ‘ತಾತ ಬಂತಾ?’

‘ಅಲ್ಲ!’ ಅಂದ.

‘ಮತ್ತೆ ಏನದು?’

‘ತಾತಾ!’

‘ಓ, ಕಾಕಾನಾ?’

‘ಹೂಂ, ತಾತಾ.’ ಅಷ್ಟೂ ಗೊತ್ತಾಗಲ್ವಾ ಅನ್ನುವ ಹಾಗೆ ನನ್ನನ್ನು ನೋಡಿದ.

ಇಂಥದ್ದೇ ಒಂದು ಮಗುವಿನ ಬಗ್ಗೆ ಜೀನ್ ಬರ್ಕೊ ಮತ್ತು ರೋಜರ್ ಬ್ರೌನ್ ಅನ್ನುವ ಸಂಶೋಧಕರು 1960ರಲ್ಲೇ ಬರೆದಿದ್ದಾರೆ. ಆ ಮಗು ತನ್ನ ಪ್ಲಾಸ್ಟಿಕ್ ಮೀನಿಗೆ ‘ಫಿಸ್’ ಅನ್ನುತ್ತಿತ್ತು. ದೊಡ್ಡವರು ‘ಫಿಸ್’ ಅಂದರೆ ಒಪ್ಪುತ್ತಿರಲಿಲ್ಲ. ‘ಫಿಶ್’ ಅಂದಾಗ ಮಾತ್ರ ‘ಹೌದು, ನನ್ನ ಫಿಸ್’ ಅಂದಿತಂತೆ. ಅಲೆಯಲ್ಲಿ ನನಗೆ ಕಾಣದಿದ್ದದ್ದು ಕಿಟಕಿ ಹತ್ತಿರ ಕಾಣಿಸಿತು. ಇವನ ಕಿವಿ ನಾಲಿಗೆಗಿಂತ ಎಷ್ಟೋ ಮುಂದಿದೆ.

ಈಗ ಮೂರು ವರ್ಷ. ‘ಕ’ ಇನ್ನೂ ಪೂರ್ತಿ ಬಂದಿಲ್ಲ, ವಾಕ್ಯ ಮಾತ್ರ ಧಾರಾಳ. ‘ಅಜ್ಜಿ ತೊಡಿದ್ರು’ ಅನ್ನುತ್ತಾನೆ, ಅಂದರೆ ಕೊಟ್ಟರು. ಮನೆಯಲ್ಲಿ ಯಾರೂ ಹಾಗೆ ಹೇಳಲ್ಲ. ನೋಡು-ನೋಡಿದ್ರು, ಹಾಡು-ಹಾಡಿದ್ರು ಕೇಳಿಸಿಕೊಂಡು ತಾನೇ ಮಾಡಿಕೊಂಡ ವ್ಯಾಕರಣ! ತಿದ್ದಲು ಹೋಗದೆ ‘ಹೌದಾ, ಅಜ್ಜಿ ಕೊಟ್ರಾ?’ ಅಂತ ತಿರುಗಿ ಕೇಳುತ್ತೇನೆ. ಮಾವ ಮಾತ್ರ ಮೊಮ್ಮಗನ ಪಕ್ಷ. ಮೊನ್ನೆ ಫೋನಿನಲ್ಲಿ ಯಾರಿಗೋ ‘ಅವರು ಆಗಲೇ ಕೊಡಿದ್ರಲ್ಲ’ ಅಂದುಬಿಟ್ಟರು.